ಹೊರಗಿನವರ ಒಲೆ

ರಬಕವಿಯ ನಮ್ಮ ಓಣಿಯಲ್ಲಿ ನೇಕಾರರ ಮನೆ ಹನ್ನೆರಡು. ಹದಿಮೂರನೆಯದು ನಮ್ಮದು. ಆ ಹನ್ನೆರಡೂ ಮನೆ ಒಂದೇ ಅಣ್ಣತಮ್ಮಕಿಯವು, ಒಬ್ಬ ಮುತ್ತಜ್ಜನ ಮಕ್ಕಳು ಮೊಮ್ಮಕ್ಕಳು. ಹೀಗಾಗಿ ಒಂದು ಮನೆಯಲ್ಲಿ ಸಾವಾದರೆ ಹನ್ನೆರಡಕ್ಕೂ ಸೂತಕ. ಹನ್ನೊಂದು ದಿನಕ್ಕೆ ಮನೆ ತೊಳೆದು ತಲೆಗೆ ನೀರು ಹಾಕಿಕೊಂಡರೂ ಅವರಲ್ಲಿ ಒಂದು ಮಾತು ಉಳಿದುಬಿಡುತ್ತದೆ: ಸಾವಿನ ನಂತರ ಬರುವ ಮೊದಲ ದೊಡ್ಡ ಹಬ್ಬಕ್ಕೆ ಆ ಹನ್ನೆರಡು ಮನೆಯಲ್ಲಿ ಯಾರೂ ಎಣ್ಣೆಯ ಕಡಾಯಿ ಒಲೆಗೆ ಏರಿಸುವಂತಿಲ್ಲ. ಹೊರಗಿನವರು ಕರಿದು ಕೊಟ್ಟರೆ ತಿನ್ನಬಹುದು. ಹೊರಗಿನವರು ಅಂದರೆ ಓಣಿಯಲ್ಲಿ ನಾವೊಬ್ಬರೇ.

ಇದನ್ನು ಶುರು ಮಾಡಿದವಳು ನನ್ನ ಅತ್ತೆ ಹುಸೇನಬಿ. ಒಂದರ ಹಿಂದೊಂದು ಮೂರು ವರ್ಷ ನಾಗರ ಪಂಚಮಿಯ ಮುಂಚೆಯೇ ಓಣಿಯಲ್ಲಿ ಸಾವಾಗಿ, ಮೂರು ವರ್ಷ ಮಕ್ಕಳು ಉಂಡೆಯ ಮುಖ ನೋಡಿರಲಿಲ್ಲವಂತೆ. ‘ಹಿಟ್ಟು ಎಣ್ಣಿ ಬೆಲ್ಲ ತಂದು ಹಾಕ್ರಿ, ನಾ ಕರದು ಕೊಡ್ತೀನಿ’ ಅಂದಳಂತೆ ಅತ್ತೆ. ಅಂಗಳದಲ್ಲಿ ಮೂರು ಕಲ್ಲು ಹೂಡಿದರು. ಬೇರೆ ಕಡಾಯಿ ಬಂತು. ಅದರಲ್ಲಿ ಮತ್ತೇನೂ ಮಾಡುವುದಿಲ್ಲ ಅಂತ ಅತ್ತೆ ಮಾತು ಕೊಟ್ಟಳು. ಆ ಕಡಾಯಿಯನ್ನು ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟುಕೊಂಡು ನಾವು ಎರಡು ತಲೆಮಾರು ಕಳೆದೆವು. ಅತ್ತೆಯ ಕಾಲದ್ದು ಬಿಡಿ, ನಾನೇ ಮೂರು ಸಲ ಇಳಿಸಿದ್ದೇನೆ.

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ಕಳೆದ ವಾರಕ್ಕೆ ಪಕ್ಕದ ಮನೆಯ ಚನಮಲ್ಲಪ್ಪ ತೀರಿಕೊಂಡ. ನನ್ನ ಗೆಳತಿ ಸಾವಿತ್ರೆವ್ವನ ಗಂಡ. ಮಗ್ಗದ ಮುಂದೆ ನಿಂತವನು ನಿಂತಲ್ಲೇ ಕುಸಿದ.

ಸಾವಿತ್ರೆವ್ವನನ್ನು ಗೆಳತಿ ಅಂದೆ, ಅದು ಸಣ್ಣ ಮಾತಾಯಿತು. ಐದು ವರ್ಷದ ಹಿಂದೆ ನನ್ನ ಯಜಮಾನರು ಮಕ್ತುಮಸಾಬರು ಹೋದಾಗ ನಮ್ಮ ಪದ್ಧತಿಯಂತೆ ನಾಲ್ಕು ತಿಂಗಳು ಹತ್ತು ದಿನ ನಾನು ಹೊಸ್ತಿಲು ದಾಟುವಂತಿರಲಿಲ್ಲ. ನಡುವೆ ರಂಜಾನ್ ಹಬ್ಬ ಬಂತು. ಮನೆಯಲ್ಲಿ ನಾನು ಹಾಸಿಗೆ ಹಿಡಿದಿದ್ದೆ, ಮಗನಿಗೆ ಇನ್ನೂ ಮದುವೆಯಾಗಿರಲಿಲ್ಲ. ಹಣೆತುಂಬ ವಿಭೂತಿ ಬಳಿದುಕೊಂಡ ಸಾವಿತ್ರೆವ್ವ ತನ್ನ ಒಲೆಯ ಮೇಲೆ ಸುರಕುಂಬಾ ಕುದಿಸಿದಳು. ಗೋಡೆಯ ಈಚೆಯಿಂದ ನಾನು ಹೇಳಿದಂತೆಲ್ಲ ಶಾವಿಗೆ, ಖಾರೀಕು, ಗಸಗಸೆ ಹಾಕುತ್ತ ಹೋದಳು. ಸಕ್ಕರೆ ಮಾತ್ರ ತನ್ನ ಮನಸ್ಸಿಗೆ ಬಂದಷ್ಟು ಸುರಿದಳು. ಬಾಯಲ್ಲಿ ಇಡಲಾಗದಷ್ಟು ಸಿಹಿ. ಅತ್ತುಕೊಂಡು ಕುಡಿದೆವು.

ಹೀಗಿರುವಾಗ ಚನಮಲ್ಲಪ್ಪನ ಮಣ್ಣಾದ ದಿನವೇ ನನ್ನ ತಲೆಯಲ್ಲಿ ಪಂಚಮಿ ಬಂದು ಕೂತಿತ್ತು. ಕಡಾಯಿ ಇಳಿಸಬೇಕಲ್ಲ ಅಂತ ಮನೆಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು.

ನನ್ನ ಮಗ ಗೈಬುಸಾಬ. ಬನಹಟ್ಟಿಯಲ್ಲಿ ಜಕಾರ್ಡ್ ಮಗ್ಗಗಳಿಗೆ ಸೀರೆ ಅಂಚಿನ ಡಿಜೈನಿನ ತೂತಿನ ಕಾರ್ಡ್ ಹೊಡೆದುಕೊಡುವ ಅಂಗಡಿ ಇಟ್ಟಿದ್ದಾನೆ. ಕೆಟ್ಟವನಲ್ಲ. ಕುಡಿಯುವುದಿಲ್ಲ, ಹೆಂಡತಿಗೆ ಬೈಯುವುದಿಲ್ಲ, ಐದು ಹೊತ್ತು ನಮಾಜು. ಎರಡು ವರ್ಷದಿಂದ ಜಮಖಂಡಿಯಲ್ಲಿ ಒಂದು ಜಮಾತಿಗೆ ಹೋಗುತ್ತಾನೆ. ಅಲ್ಲಿಂದ ಬಂದ ಮೇಲೆ ಅವನಿಗೆ ಎಲ್ಲವೂ ತಿಳಿದುಬಿಟ್ಟಿದೆ. ಮನೆಯೊಳಗೆ ನಮ್ಮ ಮಾತು ಉರ್ದು. ಜಗಳ ಬಂದರೆ ಮಾತ್ರ ಇಬ್ಬರಿಗೂ ಕನ್ನಡವೇ ಬಾಯಿಗೆ ಬರುತ್ತದೆ.

‘ಅಮ್ಮಾ, ಈ ಸಲ ಕಡಾಯಿ ಇಳಸಬ್ಯಾಡ’ ಅಂದ.

‘ಯಾಕೋ?’

‘ಸತ್ತ ಮನಿಗೆ ರೊಟ್ಟಿ ಒಯ್ಯಿ, ನಾನ ಬುಟ್ಟಿ ಹೊತ್ಕೊಂಡು ಬರ್ತೀನಿ. ಅದು ನೆರಿಹೊರಿ ಧರ್ಮ. ಇದು ಹಂಗಲ್ಲ, ಇದು ಹಬ್ಬ. ಹುತ್ತಿನ ಮುಂದ ಇಡೂ ಉಂಡಿ ನಮ್ಮ ಅಂಗಳದಾಗ ಯಾಕ ಆಗಬೇಕು?’

‘ಅದ ಉಂಡಿ ತಿಂದು ಬೆಳದೀಯೋ ನೀನು.’

‘ಸಣ್ಣಾಂವ ಇದ್ದೆ, ತಿಂದೆ. ಈಗ ತಿಳದೈತಿ.’

ನಾನು ಪಾತ್ರೆ ಕುಕ್ಕಿದೆ. ಅವನು ದನಿ ಏರಿಸಲಿಲ್ಲ. ಅವನು ದನಿ ಏರಿಸದಿದ್ದಾಗಲೇ ನನಗೆ ಹೆಚ್ಚು ಸಿಟ್ಟು ಬರುತ್ತದೆ.

‘ಬಕ್ರೀದಕ್ಕ ನಮ್ಮ ಬಾಗಲ ಮುಂದ ಮೂಗು ಮುಚ್ಕೊಂಡು ಹೋಗಾವ್ರು ಇವರು’ ಅಂದ. ‘ಪಂಚಮಿಗೆ ನಮ್ಮ ಒಲಿ ಬೇಕು. ಅದೂ ಒಳಗಿನ ಒಲಿ ಅಲ್ಲ, ಅಂಗಳದಾಗಿನ ಒಲಿ. ಅದನ್ನ ಎಂದಾದ್ರೂ ವಿಚಾರ ಮಾಡೀಯೇನು?’

ಮಾಡಿರಲಿಲ್ಲ. ಮೂವತ್ತು ವರ್ಷ ಆ ಮೂರು ಕಲ್ಲಿಗೆ ಸಗಣಿ ಸಾರಿಸಿದವಳು ನಾನು, ಒಮ್ಮೆಯೂ ಆ ಯೋಚನೆ ಬಂದಿರಲಿಲ್ಲ. ಈಗ ಮಗ ಅದನ್ನು ತಲೆಯೊಳಗೆ ಬಿಟ್ಟ, ಅದು ಹೊರಗೆ ಹೋಗಲಿಲ್ಲ. ನಿಜ ಹೇಳುತ್ತೇನೆ, ನನಗೂ ಭಯವಾಗಿತ್ತು. ವಯಸ್ಸು ಐವತ್ತೆಂಟು. ಮೊಣಕಾಲು ಮಡಚದಿದ್ದರೂ ಕುರ್ಚಿಯ ಮೇಲೆ ಕೂತು ನಮಾಜು ಮಾಡುತ್ತೇನೆ. ನಾಳೆ ಮಣ್ಣಿನೊಳಗೆ ಮಲಗಿದಾಗ ಲೆಕ್ಕ ಕೇಳುವ ದೇವದೂತರು ಬಂದು ಕೇಳಿದರೆ ಸಾವಿತ್ರೆವ್ವ ಬಂದು ಜವಾಬು ಕೊಡುತ್ತಾಳೇನು? ಕೊಡಲಾರಳು.

ಹಾಗಂತ ಮಗನ ಮಾತಿಗೆ ಸುಮ್ಮನೆ ಕೂರುವ ಜಾಯಮಾನವೂ ನನ್ನದಲ್ಲ. ಒಂದು ಸೋಮವಾರ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸ ಬದಿಗಿಟ್ಟು ಜಮಖಂಡಿ ಬಸ್ಸು ಹತ್ತಿದೆ. ಹಿಪ್ಪರಗಿ ಬ್ಯಾರೇಜಿನ ಗೇಟು ತೆಗೆದಿದ್ದಾರೆ, ಹೊಳೆ ಬರುತ್ತದೆ ಅಂತ ಬಸ್ಸಿನ ತುಂಬ ಅದೇ ಮಾತು. ನನಗೆ ನನ್ನದೇ ಚಿಂತೆ. ನನ್ನ ಯಜಮಾನರು ನಂಬುತ್ತಿದ್ದ ಒಬ್ಬ ಹಳೆಯ ಮೌಲಾನಾ ಅಲ್ಲಿದ್ದಾರೆ. ಕಣ್ಣು ಮಂಜಾಗಿದೆ, ಬುದ್ಧಿ ಮಂಜಾಗಿಲ್ಲ. ಅವರ ಮುಂದೆ ಸೆರಗು ಎಳೆದುಕೊಂಡು ಕೂತು ಕೇಳಿದೆ.

‘ಹಜರತ್, ಕಡ್ಲಿಹಿಟ್ಟಿನ ಸೇವು ಕರಿಯೂದು ತಪ್ಪೇನ್ರಿ?’

‘ಇಲ್ಲವಾ.’

‘ಸೇವು ಕುಟ್ಟಿ ಬೆಲ್ಲದ ಪಾಕ ಕಾಸೂದು?’

‘ತಪ್ಪಿಲ್ಲ.’

‘ಕಲಸಿ ಉಂಡಿ ಕಟ್ಟೂದು?’

ಅವರಿಗೆ ನಗೆ ಬಂತು. ‘ಏನು ಕೇಳಬೇಕಂತ ಬಂದೀಯೋ ಅದನ್ನ ಕೇಳವಾ.’

‘ಉಂಡಿ ಯಾವಾಗ ಹಬ್ಬ ಆಗ್ತೈತಿ, ಅದನ್ನ ಹೇಳ್ರಿ. ಅಲ್ಲಿಗೆ ನಿಂದರ್ತೀನಿ.’

ಎಲ್ಲ ಹೇಳಿಕೊಂಡೆ. ಅವರು ಬಹಳ ಹೊತ್ತು ಗಡ್ಡ ನೀವಿಕೊಂಡರು. ಕಡೆಗೆ, ‘ನಿಯತ್ತಿನ ಮ್ಯಾಲ ಐತಿ, ಮನಸ್ಸಿನ ಉದ್ದೇಶದ ಮ್ಯಾಲ. ನಾಗಪ್ಪಗಂತ ಮಾಡಿದ್ರ ತಪ್ಪು. ದುಃಖದ ಮನಿಗಂತ ಮಾಡಿದ್ರ ನೆರಿಮನಿಯವರ ಹಕ್ಕು, ಅದನ್ನ ಕೊಡಬೇಕು. ಆದರೂ ದೂರ ಇದ್ರ ನಿನಗ ಛಲೋ’ ಅಂದರು. ಡಾಕ್ಟರು ಹೇಳಿದ ಹಾಗೆ ಹೇಳಿದರು, ತಿನ್ನಬಹುದು, ತಿನ್ನದಿದ್ದರೆ ಒಳ್ಳೆಯದು.

ಮನೆಗೆ ಬಂದು ಮಗನಿಗೆ ಮೊದಲರ್ಧ ಮಾತ್ರ ಹೇಳಿದೆ. ಕಡೆಯ ಮಾತು ನುಂಗಿಕೊಂಡೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಗೈಬು ಏನೂ ಅನ್ನಲಿಲ್ಲ. ಮರುದಿನವೂ ಅನ್ನಲಿಲ್ಲ, ಆ ಶುಕ್ರವಾರವೂ ಅನ್ನಲಿಲ್ಲ. ಗೆದ್ದೆ ಅಂದುಕೊಂಡೆ. ಸೊಸೆ ನಸೀಮಾಳ ಮುಂದೆ ಸ್ವಲ್ಪ ಬೀಗಿದೆ ಕೂಡ.

ಆದರೆ ಒಂದು ಮಾತು ಇತ್ತು. ಬೇರೆ ಸಲ ಪಂಚಮಿ ಹತ್ತು ದಿನ ಇದೆ ಅನ್ನುವಾಗಲೇ ಓಣಿಯ ಹೆಂಗಸರು ಹಿಟ್ಟು, ಬೆಲ್ಲ, ಎಣ್ಣೆ ತಂದು ನಮ್ಮ ಪಡಸಾಲೆಯಲ್ಲಿ ಇಟ್ಟು ಹೋಗುತ್ತಿದ್ದರು. ಈ ಸಲ ಯಾರೂ ಬರಲಿಲ್ಲ. ಸಾವಿತ್ರೆವ್ವನ ಮನೆಗೆ ಎರಡು ಸಲ ಹೋದೆ. ಬಾಗಿಲಲ್ಲಿ ಅವಳ ಮಗ ಯುವರಾಜ ನಾಲ್ಕು ಜನ ಗೆಳೆಯರ ಜೊತೆ ಕೂತಿದ್ದ, ‘ಅವ್ವ ಮಲಗ್ಯಾಳ ಕಾಕಿ’ ಅಂದ. ಹೊಸದಾಗಿ ಗಂಡನನ್ನು ಕಳೆದುಕೊಂಡವಳು ಅವರಲ್ಲಿ ಒಳಮನೆ ಬಿಟ್ಟು ಏಳುವುದಿಲ್ಲ, ಅದು ನನಗೆ ಗೊತ್ತು. ಗೋಡೆಯ ಹತ್ತಿರ ನಿಂತು ಕೂಗಿದೆ, ಅವಳು ಓಗೊಡಲಿಲ್ಲ. ದುಃಖ ಅಂದುಕೊಂಡೆ. ನಾಲ್ಕು ತಿಂಗಳು ಹತ್ತು ದಿನ ಕೂತವಳಿಗೆ ದುಃಖ ಕಲಿಸಬೇಕಾಗಿಲ್ಲವಲ್ಲ.

ಈ ಯುವರಾಜನಿಗೂ ನನ್ನ ಗೈಬುಗೂ ಮೂರು ವರ್ಷದಿಂದ ಮಾತಿಲ್ಲ. ಒಂದೇ ಬೆಂಚಿನಲ್ಲಿ ಕೂತು ಓದಿದವರು. ಗಣಪತಿ ಮೆರವಣಿಗೆ ಮಸೂತಿಯ ಮುಂದೆ ನಿಂತಾಗ ಮಾತಿಗೆ ಮಾತು ಬೆಳೆದು ಇಬ್ಬರೂ ಕೊರಳಪಟ್ಟಿ ಹಿಡಿದಿದ್ದರು. ಅಂದಿನಿಂದ ಒಬ್ಬ ಓಣಿಯ ಈ ಬದಿ ನಡೆದರೆ ಇನ್ನೊಬ್ಬ ಆ ಬದಿ. ಯುವರಾಜ ಈಗ ಯಾವುದೋ ಸಂಘಟನೆಯ ಮುಂದಾಳು, ಎಂಟು ಪವರ್‌ಲೂಮಿನ ಮಾಲೀಕ. ಇರಲಿ, ಗಂಡಸರ ಜಗಳ ಗಂಡಸರಿಗೆ ಅಂತ ನಾವು ಹೆಂಗಸರು ಕಿವಿಗೆ ಹಾಕಿಕೊಂಡಿರಲಿಲ್ಲ.

ಪಂಚಮಿಗೆ ನಾಲ್ಕು ದಿನ ಇರುವಾಗ ಗೈಬು ಬೀಳಗಿಯಲ್ಲಿ ಒಂದು ಮಷೀನು ಕೂಡಿಸುವ ಕೆಲಸಕ್ಕೆ ಹೋದ. ಎರಡು ದಿನ ಬರುವುದಿಲ್ಲ ಅಂದ. ಅವನು ಬಸ್ಸು ಹತ್ತಿದ್ದೇ ತಡ, ಅಟ್ಟದ ಮೇಲಿನಿಂದ ಕಡಾಯಿ ಇಳಿಸಿದೆ. ಸಾಮಾನು ಯಾರೂ ತಾರದಿದ್ದರೇನು, ನಾನೇ ತರಿಸಿದೆ. ಮುಧೋಳ ಕಡೆಯ ಬೆಲ್ಲವೇ ಬೇಕು ಅಂತ ಅಂಗಡಿಯವನ ಜೊತೆ ಜಗಳವಾಡಿ ತರಿಸಿದೆ.

ನಸೀಮಾಗೆ ಐದು ತಿಂಗಳು. ಬೇಡ ಅಂದರೂ ಬಂದು ಹಿಟ್ಟು ನಾದಲು ಕೂತಳು. ನಾದುತ್ತ ನಾದುತ್ತ ಮೆಲ್ಲಗೆ ಕೇಳಿದಳು.

‘ಅತ್ತಿ, ಅವರಾಗೇ ಬಂದು ಕೇಳ್ಯಾರೇನ್ರಿ?’

‘ಕೇಳೂದೇನೈತಿ ಅದರಾಗ? ನಿಮ್ಮ ತವರು ಮುಧೋಳದಾಗ ಕೇಳಿ ಮಾಡ್ತಿರಬೇಕು’ ಅಂತ ಗದರಿದೆ. ಪಾಪದ ಹುಡುಗಿ, ಸುಮ್ಮನಾದಳು. ಅವಳ ಪ್ರಶ್ನೆಯೇ ಸರಿಯಾದ ಪ್ರಶ್ನೆಯಾಗಿತ್ತು.

ಎರಡು ದಿನ ಹೊಗೆ ಕುಡಿದೆವು. ಸೇವು ಕರಿದು, ಕುಟ್ಟಿ, ಬೆಲ್ಲದ ಪಾಕದಲ್ಲಿ ಕಲಸಿ ಲಡಕಿ ಉಂಡೆ ಕಟ್ಟಿದೆವು. ಶೇಂಗಾ ಉಂಡೆ, ಎಳ್ಳುಂಡೆ, ಕರಚಿಕಾಯಿ, ಚಕ್ಕುಲಿ. ಹನ್ನೆರಡು ಮನೆಗೆ ಹನ್ನೆರಡು ಡಬ್ಬಿ. ಪ್ರತಿ ಉಂಡೆಗೂ ಮನಸ್ಸಿನಲ್ಲಿ ನಿಯತ್ತು ಹೇಳಿಕೊಂಡೆ, ಇದು ಚನಮಲ್ಲಪ್ಪನ ಮನೆಯ ದುಃಖಕ್ಕೆ, ಇದು ದುಃಖಕ್ಕೆ. ನಗುವವರು ನಗಲಿ. ಅಂಗಳದ ಒಲೆ ಅಂತ ಮಗ ಆಡಿದ ಮಾತೂ ಆಗ ಸ್ವಲ್ಪ ತಣ್ಣಗಾಗಿತ್ತು. ಅಂಗಳದ್ದಾದರೂ ನನ್ನದೇ ಒಲೆಯಲ್ಲವೇ ಅನ್ನಿಸಿತು.

ಪಂಚಮಿಗೆ ಎರಡು ದಿನ ಮೊದಲು ಬರುವ ರೊಟ್ಟಿ ಪಂಚಮಿಯ ದಿನ ಮಧ್ಯಾಹ್ನ, ಎಲ್ಲರ ಮಗ್ಗಗಳೂ ಕರೆಂಟು ಹೋಗಿ ನಿಂತಿದ್ದಾಗ, ಮೊದಲ ಡಬ್ಬಿ ಎತ್ತಿಕೊಂಡು ಸಾವಿತ್ರೆವ್ವನ ಮನೆಗೆ ಹಿತ್ತಲ ಕಡೆಯಿಂದ ಹೋದೆ. ಮುಂಬಾಗಿಲಲ್ಲಿ ಗಂಡಸರು ಇರುತ್ತಾರೆ ಅಂತ.

ಒಳಮನೆಯಲ್ಲಿ ಸಾವಿತ್ರೆವ್ವ ಗೋಡೆಗೆ ಒರಗಿ ಕೂತಿದ್ದಳು. ಒಂದೇ ತಿಂಗಳಿಗೆ ಅರ್ಧ ಆಗಿದ್ದಳು. ಅವಳ ಪಕ್ಕದಲ್ಲಿ ಜಮಖಂಡಿಯ ಯಾವುದೋ ಸ್ವೀಟಿನಂಗಡಿಯ ಕೆಂಪು ಡಬ್ಬಿಗಳನ್ನು ಎದೆಯೆತ್ತರಕ್ಕೆ ಒಟ್ಟಿದ್ದರು. ಮೇಲಿನದು ತೆರೆದಿತ್ತು. ಒಳಗೆ ಉಂಡೆ, ಎಲ್ಲ ಒಂದೇ ಅಳತೆ, ಪ್ಲಾಸ್ಟಿಕ್ಕಿನ ಬಟ್ಟಲಲ್ಲಿ.

ಅವಳು ನನ್ನನ್ನು ನೋಡಿದಳು, ಕೈಯಲ್ಲಿದ್ದ ಡಬ್ಬಿ ನೋಡಿದಳು.

‘ಈಗ ಬಂದ್ಯಾ?’ ಅಂದಳು. ‘ಒಲ್ಲೆ ಅಂತ ಹೇಳಿ ಕಳಿಸಿದಾಕಿ ಈಗ ಯಾಕ ಬಂದಿ?’

‘ಯಾರು ಒಲ್ಲೆ ಅಂದ್ರು?’

‘ನೀನ ಅಂದೀಯಂತಲ್ಲ. ನಿಮ್ಮ ಧರ್ಮಕ್ಕ ಬರೂದಿಲ್ಲಂತ, ಇನ್ನ ಮ್ಯಾಲ ನಮ್ಮ ಹಬ್ಬದ ಕೆಲಸ ಮಾಡೂದಿಲ್ಲಂತ. ಗೈಬುನ ಕೈಲಿ ಹೇಳಿ ಕಳಿಸೀಯಂತ ಯುವರಾಜ ಹೇಳ್ಯಾನ. ಮೂವತ್ತು ವರ್ಷ ಬಂದಿತ್ತು, ನನ್ನ ಗಂಡ ಸತ್ತಾಗ ಬರದಂಗಾತು. ನೀನ ಬಂದು ಹೇಳಿದ್ರ ಏನಾಗ್ತಿತ್ತು ಜೈತುನಾ?’

ನಾನು ಬಾಯಿ ತೆರೆಯುವಷ್ಟರಲ್ಲಿ ಯುವರಾಜ ಬಂದು ಬಾಗಿಲಲ್ಲಿ ನಿಂತಿದ್ದ. ಅವನೂ ದನಿ ಏರಿಸಲಿಲ್ಲ. ಈಗಿನ ಹುಡುಗರು ಯಾರೂ ದನಿ ಏರಿಸುವುದಿಲ್ಲ.

‘ಕಾಕಿ, ಗೈಬೂ ನಾನೂ ಬನಹಟ್ಟಿಯಾಗ ಕುಂತು ಮಾತಾಡೀವ್ರಿ’ ಅಂದ. ‘ಇದರ ಸಲುವಾಗಿ ಅವಂಗ ಅವರ ಜಮಾತಿನವರು ಬೈತಾರ, ನಂಗ ನಮ್ಮ ಹುಡುಗರು ಬೈತಾರ. ನಾವೂ ಈ ಸಲ ಬ್ಯಾಡಂತನ ಇದ್ವಿ. ಹೆಂಗ ಹೇಳೂದಂತಿದ್ವಿ, ಅವನ ಬಂದ. ಅವ್ವಗ ನಾ ಹೇಳೂದು, ನಿಮಗ ಅವಾ ಹೇಳೂದು ಅಂತ ಮಾತಾಗಿತ್ತು. ಹೇಳಿಲ್ಲೇನ್ರಿ?’

ಮೂರು ವರ್ಷ ಒಬ್ಬರ ಮುಖ ಒಬ್ಬರು ನೋಡದವರು. ಅವರಿಬ್ಬರೂ ಕೂಡಿ ಕೂತು ಚಹಾ ಕುಡಿದು ಒಪ್ಪಿಕೊಂಡ ಒಂದೇ ಒಂದು ಮಾತು ಇದು.

‘ಹಂಗಾದ್ರ ನೀ ಒಲ್ಲೆ ಅಂದಿಲ್ಲ?’ ಸಾವಿತ್ರೆವ್ವ ಕೇಳಿದಳು.

‘ಇಲ್ಲ. ನೀ ಬ್ಯಾಡ ಅಂದೀಯೇನು?’

‘ನನ್ನ ಯಾರು ಕೇಳ್ಯಾರ?’

ಆಗ ಇನ್ನೂ ಎಲ್ಲ ಸರಿಹೋಗಬಹುದಿತ್ತು. ಅವಳು ಡಬ್ಬಿಗೆ ಕೈ ಚಾಚಿದ್ದರೆ ಸಾಕಿತ್ತು. ಕೈ ಚಾಚುತ್ತಾಳೆ ಅಂತಲೇ ನಾನು ಡಬ್ಬಿಯ ಮುಚ್ಚಳ ತೆಗೆದೆ. ಸಾವಿತ್ರೆವ್ವ ಮಗನ ಮುಖ ನೋಡಿದಳು. ಅವಳನ್ನು ಬೈಯಲಾರೆ, ಗಂಡ ಹೋದ ಮೇಲೆ ಹೆಂಗಸು ಯಾರ ಮುಖ ನೋಡಬೇಕಾಗುತ್ತದೆ ಅಂತ ನನಗೂ ಗೊತ್ತು. ಯುವರಾಜ ನೆಲ ನೋಡುತ್ತ, ‘ಅಂಗಡಿಯಿಂದ ತಂದಾಗೇತ್ರಿ ಕಾಕಿ, ಹನ್ನೆರಡೂ ಮನಿಗೆ’ ಅಂದ.

ಸಾವಿತ್ರೆವ್ವ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

‘ಈ ವರ್ಷ ಒಯ್ಯಿ ಜೈತುನಾ’ ಅಂದಳು. ‘ಮುಂದಿನ ವರ್ಷ ನೋಡೂಣು.’

ಮುಂದಿನ ವರ್ಷ. ಎರಡು ದಿನದ ಹೊಗೆ, ಬಸ್ಸು ಹತ್ತಿ ಹೋದದ್ದು, ಮಗನ ಹತ್ತಿರ ಮುಚ್ಚಿಟ್ಟದ್ದು, ಅಲ್ಲಾಹನ ಮುಂದೆ ಒಂದೊಂದು ಉಂಡೆಗೂ ಕೊಟ್ಟ ಜವಾಬು, ಎಲ್ಲ ಒಮ್ಮೆಲೇ ತಲೆಗೆ ಏರಿತು. ಸೂತಕ ಇಲ್ಲದ ವರ್ಷ ಅವರ ಮನೆಯ ಕಡಾಯಿ ಅವರೇ ಇಡುತ್ತಾರೆ. ನಾನು ಬೇಕಾಗುವುದು ಯಾವಾಗ?

‘ಮುಂದಿನ ವರ್ಷ ನಿಮ್ಮ ಓಣ್ಯಾಗ ಯಾರು ಸಾಯಬೇಕು ಸಾವಿತ್ರಿ?’ ಅಂದೆ.

ಅಂದ ಮೇಲೆ ನನ್ನ ಕಿವಿಗೇ ಕೇಳಿಸಿತು. ಸತ್ತ ಮನೆ, ತಿಂಗಳೊಪ್ಪತ್ತು ತುಂಬಿಲ್ಲ, ಇರುವ ಒಬ್ಬನೇ ಮಗ ಎದುರಿಗೇ ಬಾಗಿಲಲ್ಲಿ ನಿಂತಿದ್ದಾನೆ, ಹಬ್ಬಕ್ಕೆ ಬಂದ ಹೆಣ್ಣುಮಕ್ಕಳು ಪಡಸಾಲೆಯಲ್ಲಿದ್ದಾರೆ. ಸಾವಿತ್ರೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಯುವರಾಜನ ಮುಖ ಬಿಳಿಚಿಕೊಂಡಿತು. ಅವನು ನನ್ನನ್ನು ಹೊರಗೆ ನಡಿ ಅನ್ನಲಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನಾನು ಡಬ್ಬಿಯನ್ನು ಎತ್ತಿಕೊಂಡು ಬಂದೆ. ಕ್ಷಮಿಸು ಅನ್ನಬೇಕಿತ್ತು. ನನ್ನ ಬಾಯಿ ಬೇಡವಾದಾಗ ತೆರೆದುಕೊಳ್ಳುತ್ತದೆ, ಬೇಕಾದಾಗ ಇಲ್ಲ.

ಸಂಜೆ ಗೈಬು ಬೀಳಗಿಯಿಂದ ಬಂದಾಗ ಸುದ್ದಿ ಅವನಿಗಿಂತ ಮೊದಲು ಬಸ್‌ಸ್ಟ್ಯಾಂಡಿಗೆ ಹೋಗಿತ್ತು. ಜೈತುನಬಿ ಪಂಚಮಿಯ ದಿನ ಸಾವಿನ ಮನೆಗೆ ಹೊಕ್ಕು ಮತ್ತೊಂದು ಸಾವು ಬೇಡಿಕೊಂಡಳು ಅಂತ. ಹನ್ನೆರಡು ಮನೆಗೂ ಈಗ ಅದೇ ಮಾತು, ಮುಂದೆಯೂ ಅದೇ ಇರುತ್ತದೆ.

‘ಒಂದ ಕೆಟ್ಟ ಮಾತು ಬರದಂಗ ಮುಗಿಸಿದ್ದೆ ಅಮ್ಮಾ’ ಅಂದ ಗೈಬು. ‘ಎರಡೂ ಕಡಿ ಮರ್ಯಾದಿ ಉಳದಿತ್ತು.’

‘ನನಗ ಹೇಳಾಕ ಏನಾಗಿತ್ತೋ ನಿನಗ?’

‘ಹೇಳಬೇಕಂತ ಮೂರು ಸಲ ಬಂದೆ. ನಿನ್ನ ಮುಖ ನೋಡಿ ಆಗಲಿಲ್ಲ.’

ಅವನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳಲ್ಲ. ಅದಕ್ಕೇ ಅವನನ್ನು ಮನಸಾರೆ ಬೈಯಲೂ ಆಗಲಿಲ್ಲ. ನಸೀಮಾ ಚಹಾ ತಂದು ಇಟ್ಟಳು. ಹಸಿದಿದ್ದ. ಪಡಸಾಲೆಯಲ್ಲಿ ಸಾಲಾಗಿ ಇಟ್ಟಿದ್ದ ಡಬ್ಬಿಗಳಲ್ಲಿ ಒಂದನ್ನು ತೆರೆದು ಶೇಂಗಾ ಉಂಡೆ ತೆಗೆದುಕೊಂಡು ತಿಂದ. ನಾನು ನೋಡುತ್ತಲೇ ಇದ್ದೆ.

‘ಈಗಿದು ಹಬ್ಬದ್ದಲ್ಲಲ್ಲ’ ಅಂದ, ಇನ್ನೊಂದಕ್ಕೆ ಕೈ ಹಾಕುತ್ತ.

ಮರುದಿನ ಬೆಳಿಗ್ಗೆ ಅಂಗಿ ಬದಲಿಸಿ ಯುವರಾಜನ ಮನೆಗೆ ಹೋದ. ಮೂರು ವರ್ಷದ ನಂತರ ಆ ಹೊಸ್ತಿಲು ತುಳಿದ. ಒಂದು ತಾಸು ಬಿಟ್ಟು ಬಂದಾಗ ಮುಖ ಹಗುರಾಗಿತ್ತು. ಯುವರಾಜ ದೊಡ್ಡ ಮನಸ್ಸಿನವನು, ಇಷ್ಟು ದಿನ ನಾನೇ ತಪ್ಪು ತಿಳಿದಿದ್ದೆ ಅಂದ ಗೈಬು. ವಯಸ್ಸಾದವರು, ಏನೋ ಅಂದಿರುತ್ತಾರೆ, ನಾವು ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ ಅಂದನಂತೆ ಯುವರಾಜ. ಇನ್ನು ಮೇಲೆ ಅವನ ಎಂಟೂ ಮಗ್ಗದ ಡಿಜೈನು ಗೈಬುನ ಅಂಗಡಿಗೇ ಬರುತ್ತದಂತೆ.

ಈಗ ಅವರಿಬ್ಬರೂ ಓಣಿಯ ಒಂದೇ ಬದಿ ನಡೆಯುತ್ತಾರೆ. ಭೇಟಿಯಾದರೆ ಬೈಕು ನಿಲ್ಲಿಸಿ ಕೈ ಕುಲುಕುತ್ತಾರೆ, ನೋಡಿದವರು ಮೆಚ್ಚಿಕೊಳ್ಳುತ್ತಾರೆ. ನನ್ನ ಮಗ ನನ್ನ ಪರವಾಗಿ ಕ್ಷಮೆ ಕೇಳಿದ. ಸಾವಿತ್ರೆವ್ವನ ಮಗ ಅವಳ ಪರವಾಗಿ ಕ್ಷಮಿಸಿದ. ಗೋಡೆಯ ಆಚೆ ಅವಳು, ಈಚೆ ನಾನು, ಇಬ್ಬರೂ ಇನ್ನೂ ಬದುಕಿದ್ದೇವೆ. ನಮ್ಮನ್ನು ಯಾರೂ ಕೇಳಲಿಲ್ಲ.